ಇತಿಹಾಸದ ಗುಂಪು ಕಸದ ಬುಟ್ಟಿಯಲ್ಲ

ತಾಳವಾಡಿ ಸೀಮೆಯ ಪೋಷಕ ಬಂಧುಗಳೇ,

ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರ ನಮ್ಮ ಬೆಟ್ಟದ ಮನೆಮನೆಗಳಲ್ಲಿ ನಡೆಯುವ ಮಾತು ನಿಮಗೆ ಗೊತ್ತಿದ್ದದ್ದೇ. ಅಂಕ ಚೆನ್ನಾಗಿ ಬಂದರೆ ವಿಜ್ಞಾನ, ಸ್ವಲ್ಪ ಕಡಿಮೆಯಾದರೆ ವಾಣಿಜ್ಯ, ಎಲ್ಲೂ ಸೀಟು ಸಿಗದಿದ್ದರೆ ಇತಿಹಾಸ. ಮಗುವೇ ಬಾಯಿ ಬಿಟ್ಟು ‘ನನಗೆ ಇತಿಹಾಸ ಇಷ್ಟ’ ಎಂದರೆ ಜಗಲಿಯ ಮೇಲಿದ್ದ ಹಿರಿಯರೆಲ್ಲ ಒಟ್ಟಿಗೆ ತಿರುಗಿ ನೋಡುತ್ತಾರೆ. ‘ಇಸ್ಟ್ರಿ ಗ್ರೂಪು ತಕ್ಕೊಂಡು ಏನ್ ಮಾಡೀಯಪ್ಪ? ಸತ್ತೋದ ರಾಜರ ಕತೆ ಕಟ್ಕೊಂಡು ಹೊಟ್ಟೆ ತುಂಬುತ್ತಾ?’ ಅಲ್ಲಿಗೆ ಆ ಮಾತು ಮುಗಿಯಿತು.

ಅದು ಅಲ್ಲಿಗೆ ಮುಗಿಯಬಾರದು ಎಂದು ಹೇಳುವುದಕ್ಕೇ ಈ ಲೇಖನ. ಪ್ಲಸ್ ಒನ್, ಪ್ಲಸ್ ಟೂ ಮಟ್ಟದಲ್ಲಿ ಜಗತ್ತಿನ ಇತಿಹಾಸವನ್ನು ಆಳವಾಗಿ, ಅದೂ ಕನ್ನಡದಲ್ಲಿ ಓದುವ ಅವಕಾಶ ನಮ್ಮ ಮಕ್ಕಳಿಗೆ ಬೇಕು. ಬೇರೆಯವರಿಗೆ ಬೇಕೋ ಬೇಡವೋ, ಗಡಿಯಲ್ಲಿ ಹುಟ್ಟಿದ ನಮ್ಮ ಮಕ್ಕಳಿಗಂತೂ ಬೇಕೇ ಬೇಕು. ಇದನ್ನು ನಾವು ಕೇಳುತ್ತಿಲ್ಲ, ಕೇಳದೆ ಇರುವುದರಿಂದ ಯಾರೂ ಕೊಡುತ್ತಲೂ ಇಲ್ಲ. ಸರ್ಕಾರವನ್ನು ಬೈಯುವ ಮೊದಲು ನಮ್ಮ ಕಡೆಯ ಈ ಉದಾಸೀನವನ್ನು ಒಪ್ಪಿಕೊಳ್ಳೋಣ.

ಮೊದಲು ಆ ಪಾಠದಲ್ಲಿ ಇರುವುದೇನು ಎಂದು ನೋಡೋಣ. ಸತ್ತುಹೋದ ರಾಜರ ವಂಶಾವಳಿ ಎಂಬ ಕಲ್ಪನೆ ಹಳೆಯದಾಯಿತು. ತಮಿಳುನಾಡಿನಲ್ಲಿ 2019ರಲ್ಲಿ ಬಂದ ಹನ್ನೆರಡನೆಯ ತರಗತಿಯ ಇತಿಹಾಸ ಪುಸ್ತಕದ ಹಿಂಭಾಗವನ್ನೆಲ್ಲ ತುಂಬಿರುವುದು ಆಧುನಿಕ ಜಗತ್ತಿನ ಕಥೆ. ಹೊಸ ವಿಚಾರಗಳು ಹುಟ್ಟಿದ ಬಗೆ, ಅಮೆರಿಕ ಮತ್ತು ಫ್ರಾನ್ಸಿನ ಕ್ರಾಂತಿಗಳು, ಯೂರೋಪಿನ ತಳಮಳ, ಸಾಮ್ರಾಜ್ಯಶಾಹಿಯ ದಾಳಿ, ಎರಡನೆಯ ಮಹಾಯುದ್ಧ, ಆಮೇಲಿನ ಜಗತ್ತು, ಎಲ್ಲವೂ ಅಲ್ಲಿವೆ. ಗಡಿಯಾಚೆ ಕರ್ನಾಟಕದಲ್ಲಿ ಪ್ರಥಮ ಪಿಯುಸಿಯ ಇತಿಹಾಸ ಎಂದರೆ ಪೂರ್ತಿ ವಿಶ್ವ ಇತಿಹಾಸವೇ. ಈಜಿಪ್ಟ್, ಮೆಸಪಟೋಮಿಯ, ಚೀನಾಗಳಿಂದ ಹೊರಟು ಗ್ರೀಸ್, ರೋಮ್ ದಾಟಿ, ಕೈಗಾರಿಕಾ ಕ್ರಾಂತಿ, ಇಟಲಿ ಮತ್ತು ಜರ್ಮನಿಗಳ ಏಕೀಕರಣ, ಎರಡು ಮಹಾಯುದ್ಧ, ಶೀತಲ ಸಮರದವರೆಗೆ. ಚಾಮರಾಜನಗರದ ಮಗು ಇದಿಷ್ಟನ್ನೂ ಕನ್ನಡದಲ್ಲಿ ಓದುತ್ತದೆ, ಕನ್ನಡದಲ್ಲಿ ಪರೀಕ್ಷೆ ಬರೆಯುತ್ತದೆ. ಅದೇ ಮಾತು, ಅದೇ ರಾಗಿ ಮುದ್ದೆ, ಅದೇ ಮಾದಪ್ಪನ ಪರಿಷೆ. ನಡುವೆ ಇರುವುದು ಒಂದು ಗಡಿ ಕಲ್ಲು. ಆ ಕಲ್ಲಿನ ಈಚೆಗೆ ಹುಟ್ಟಿದ ತಪ್ಪಿಗೆ ನಮ್ಮ ಮಗು ಏನನ್ನು ಕಳೆದುಕೊಳ್ಳಬೇಕು?

ಆ ಗಡಿ ಕಲ್ಲು ಅಲ್ಲಿಗೆ ಬಂದದ್ದಾದರೂ ಹೇಗೆ ಎಂದು ನಿಮ್ಮ ಮಗು ಎಂದಾದರೂ ಕೇಳಿದೆಯೇ? ಕೇಳಿದರೆ ಉತ್ತರ ನಮ್ಮ ಊರಿನ ಕಂದಾಯ ಕಡತದಲ್ಲಿ ಮಾತ್ರ ಸಿಗುವುದಿಲ್ಲ, ಜಗತ್ತಿನ ಇತಿಹಾಸದಲ್ಲಿ ಹುಡುಕಬೇಕು.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ಜಗತ್ತಿನ ಉದ್ದಗಲಕ್ಕೆ ಕಾದಾಟ ನಡೆದಿತ್ತು. 1790ರ ಸೆಪ್ಟೆಂಬರಿನಲ್ಲಿ ಟಿಪ್ಪುವಿನ ಸೈನ್ಯ ನಮ್ಮ ಪಕ್ಕದ ಗಜ್ಜಲಹಟ್ಟಿ ಕಣಿವೆಯಲ್ಲಿ ಇಳಿದು ಸತ್ಯಮಂಗಲದ ಹತ್ತಿರ ಕಂಪನಿಯ ಸೈನ್ಯದೊಡನೆ ಹೋರಾಡಿತು. 1798ರ ಜನವರಿಯಲ್ಲಿ ಮಾರಿಷಸ್ ದ್ವೀಪದ ಫ್ರೆಂಚ್ ಗವರ್ನರ್ ಟಿಪ್ಪುವಿನ ಸೇನೆಗೆ ಸೇರಲು ಜನರನ್ನು ಕರೆದು ಒಂದು ಘೋಷಣೆ ಹೊರಡಿಸಿದ. ಬಂದವರು ನೂರು ಮಂದಿಯೂ ಇರಲಿಲ್ಲ. ಅದೇ ವರ್ಷ ಜುಲೈಯಲ್ಲಿ ನೆಪೋಲಿಯನ್ ಈಜಿಪ್ಟಿಗೆ ಬಂದಿಳಿದ. ಇಷ್ಟು ಸಾಕಾಯಿತು ಗವರ್ನರ್ ಜನರಲ್ ವೆಲ್ಲೆಸ್ಲಿಗೆ, ಯುದ್ಧಕ್ಕೆ ನೆಪ ಸಿಕ್ಕಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಗೆದ್ದವರು ರಾಜ್ಯವನ್ನು ಹಂಚಿಕೊಂಡಾಗ ಮೈಸೂರಿನ ತಿರುಳು ಒಡೆಯರಿಗೆ ಹೋಯಿತು, ಕೊಯಮತ್ತೂರು ಸೀಮೆ ಕಂಪನಿಯ ಪಾಲಾಗಿ ಮದ್ರಾಸಿಗೆ ಸೇರಿತು. ಕೊಳ್ಳೇಗಾಲವೂ ತಾಳವಾಡಿಯೂ ಆ ಕೊಯಮತ್ತೂರು ಜಿಲ್ಲೆಯಲ್ಲೇ ಉಳಿದವು. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳಾದಾಗ ಕೊಳ್ಳೇಗಾಲ ಮೈಸೂರಿಗೆ ಹೋಯಿತು, ನಾವು ಇಲ್ಲೇ ಉಳಿದೆವು.

ನೋಡಿ, ಈಜಿಪ್ಟಿನ ಮರಳಿನಲ್ಲಿ ನಿಂತ ಒಬ್ಬ ಫ್ರೆಂಚ್ ದಂಡನಾಯಕನ ಹೆಸರು ಹೇಳದೆ, ತಾಳವಾಡಿಯ ಹುಡುಗನೊಬ್ಬ ತಾನೇಕೆ ಈರೋಡು ಜಿಲ್ಲೆಯವನು ಎಂಬುದನ್ನು ಪೂರ್ತಿಯಾಗಿ ಹೇಳಲಾರ. ಹೊರಗಿನವರಿಗೆ ನಮ್ಮ ಸೀಮೆಯ ನೆನಪಾಗುವುದು 2000ದ ಜುಲೈ 30ರ ರಾತ್ರಿ ಗಾಜನೂರಿನಿಂದ ಡಾ. ರಾಜಕುಮಾರ್ ಅವರ ಅಪಹರಣವಾದ ಸುದ್ದಿಯಿಂದ ಮಾತ್ರ. ನಮ್ಮ ಮಕ್ಕಳಿಗೂ ತಮ್ಮ ನೆಲದ ಬಗ್ಗೆ ಅಷ್ಟೇ ಗೊತ್ತಿದ್ದರೆ ಸಾಕೇ?

ರಾಜ್ಯ ಪುನರ್ವಿಂಗಡಣಾ ಆಯೋಗದಲ್ಲಿ ಇದ್ದವರು ಮೂವರು: ಫಜಲ್ ಅಲಿ, ಕುಂಜ್ರು, ಕೆ.ಎಂ. ಪಣಿಕ್ಕರ್. ಪಣಿಕ್ಕರರು ಏಷ್ಯಾದ ಮೇಲೆ ಪಾಶ್ಚಾತ್ಯರ ಪ್ರಾಬಲ್ಯ ಹೇಗೆ ನಡೆಯಿತು ಎಂದು ದೊಡ್ಡ ಗ್ರಂಥ ಬರೆದ ಇತಿಹಾಸಕಾರರು. ಗಡಿಯ ಬಗ್ಗೆ ತೀರ್ಪು ಹೇಳಿದವರಿಗೆ ವಿಶ್ವ ಇತಿಹಾಸ ಬೇಕಾಗಿತ್ತು, ಆ ತೀರ್ಪಿನ ಕೆಳಗೆ ಬದುಕುವವರಿಗೆ ಮಾತ್ರ ಬೇಡ ಎಂದರೆ ಯಾವ ನ್ಯಾಯ?

ಈಗ ಕಾನೂನಿನ ವಿಷಯಕ್ಕೆ ಬರೋಣ. 1956ರಲ್ಲಿ ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ರಾಜ್ಯಗಳು ಸಾಕಷ್ಟು ಸೌಲಭ್ಯ ಒದಗಿಸಬೇಕು ಎನ್ನುತ್ತದೆ ಅದು. ‘ಪ್ರಾಥಮಿಕ’ ಎಂಬ ಒಂದು ಪದವನ್ನು ಗಮನಿಸಿ. ನಮ್ಮ ತೊಂದರೆಯೆಲ್ಲ ಇರುವುದು ಅಲ್ಲೇ. ಮಗು ಅಕ್ಷರ ಕಲಿಯುವವರೆಗೆ ಕನ್ನಡ, ವಿಚಾರ ಮಾಡುವ ವಯಸ್ಸು ಬಂದಾಗ ಕನ್ನಡವಿಲ್ಲ. ಹದಿನಾರು ಹದಿನೇಳನೆಯ ವಯಸ್ಸಿನಲ್ಲಿ ಫ್ರಾನ್ಸಿನ ಕ್ರಾಂತಿ ಏಕಾಯಿತು ಎಂದು ವಾದ ಮಾಡಲು, ಕಾರಣ ಪರಿಣಾಮಗಳನ್ನು ಜೋಡಿಸಿ ಐದು ಪುಟ ಬರೆಯಲು ಬೇಕಾಗುವುದು ತನ್ನದೇ ಆದ ಭಾಷೆ. ಗಣಿತದಲ್ಲಿ ಅಂಕಿ ಸಂಕೇತಗಳು ಕೈ ಹಿಡಿಯುತ್ತವೆ. ಇತಿಹಾಸದಲ್ಲಿ ಭಾಷೆಯೇ ಕೈ, ಭಾಷೆಯೇ ಕಾಲು. ಅದನ್ನು ಕಿತ್ತುಕೊಂಡರೆ ಮಗು ಬಾಯಿಪಾಠಕ್ಕೆ ಬೀಳುತ್ತದೆ. ಬಾಯಿಪಾಠಕ್ಕೆ ಬಿದ್ದ ಮೇಲೆ ‘ಇತಿಹಾಸ ಬೋರು’ ಎನ್ನುತ್ತದೆ. ಆಗ ತಲೆಯಾಡಿಸಿ ‘ನಾ ಹೇಳಲಿಲ್ಲವೇ’ ಎನ್ನುವವರೂ ನಾವೇ.

ಇದು ನಮ್ಮ ಒಬ್ಬರ ಪಾಡಲ್ಲ. ಯೂರೋಪಿನಲ್ಲಿ ಆಲ್ಪ್ಸ್ ಬೆಟ್ಟಗಳ ನಡುವೆ ದಕ್ಷಿಣ ಟಿರೋಲ್ ಎಂಬ ಸೀಮೆ ಇದೆ. ಜನ ಜರ್ಮನ್ ಮಾತನಾಡುವವರು. ಮೊದಲ ಮಹಾಯುದ್ಧ ಮುಗಿದು 1919ರಲ್ಲಿ ಒಪ್ಪಂದವಾದಾಗ ಆ ಸೀಮೆಯನ್ನು ಆಸ್ಟ್ರಿಯಾದಿಂದ ತೆಗೆದು ಇಟಲಿಗೆ ಕೊಟ್ಟರು. ಊರು ಅಲ್ಲೇ ಇತ್ತು, ರಾಜ್ಯ ಬದಲಾಯಿತು. 1923ರಿಂದ ಮುಸೊಲಿನಿಯ ಸರ್ಕಾರ ಶಾಲೆಗಳಲ್ಲಿ ಜರ್ಮನನ್ನು ಒಂದೊಂದೇ ತರಗತಿಯಿಂದ ಕಿತ್ತುಹಾಕಿತು. ಆಗ ಅಲ್ಲಿನ ತಂದೆತಾಯಿಗಳು ಏನು ಮಾಡಿದರು ಗೊತ್ತೇ? ಹುಲ್ಲಿನ ಮನೆ, ಕೊಟ್ಟಿಗೆ, ಅಟ್ಟಗಳಲ್ಲಿ ಕದ್ದುಮುಚ್ಚಿ ಶಾಲೆ ನಡೆಸಿದರು. ಕಲಿಸಿದವರಲ್ಲಿ ಹೆಚ್ಚಿನವರು ಹರೆಯದ ಹೆಣ್ಣುಮಕ್ಕಳು. ಅವರಲ್ಲೊಬ್ಬಳಾದ ಆಂಜೆಲಾ ನಿಕೊಲೆಟ್ಟಿ 1927ರಲ್ಲಿ ಸೆರೆಮನೆ ಸೇರಿ, ಕ್ಷಯದಿಂದ ನರಳಿ 1930ರಲ್ಲಿ ತೀರಿಕೊಂಡಳು. ಅವಳಿಗಾಗ 25 ವರ್ಷ.

ಮುಂದೆ 1946ರ ಸೆಪ್ಟೆಂಬರ್ 5ರಂದು ಪ್ಯಾರಿಸಿನಲ್ಲಿ ಇಟಲಿಯೂ ಆಸ್ಟ್ರಿಯಾವೂ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಪ್ರಾಥಮಿಕ ಮತ್ತು ಪ್ರೌಢ ಎರಡೂ ಹಂತಗಳಲ್ಲಿ ಮಾತೃಭಾಷೆಯಲ್ಲಿ ಕಲಿಸಬೇಕೆಂದು ಅದರಲ್ಲಿ ಬರೆಸಿಕೊಂಡರು. ಗಮನಿಸಿದಿರಾ? ಅವರು ‘ಪ್ರೌಢ’ ಎಂಬ ಪದವನ್ನು ಬಿಡಲಿಲ್ಲ. ಹತ್ತು ವರ್ಷದ ನಂತರ ನಮ್ಮ ಸಂವಿಧಾನಕ್ಕೆ ಸೇರಿದ ವಿಧಿಯಲ್ಲಿ ಆ ಪದವಿಲ್ಲ.

ಇನ್ನೊಂದು ಪ್ರಸಂಗ ಅಲ್ಬೇನಿಯಾದ್ದು. ಅಲ್ಲಿನ ಸರ್ಕಾರ 1933ರಲ್ಲಿ ಖಾಸಗಿ ಶಾಲೆಗಳನ್ನೆಲ್ಲ ರದ್ದು ಮಾಡಿತು. ಗ್ರೀಕ್ ಮಾತನಾಡುವ ಅಲ್ಪಸಂಖ್ಯಾತರ ಶಾಲೆಗಳೂ ಅದರೊಡನೆ ಮುಚ್ಚಿದವು. ‘ಎಲ್ಲರ ಶಾಲೆಗಳನ್ನೂ ಮುಚ್ಚಿದ್ದೇವೆ, ಎಲ್ಲರಿಗೂ ಒಂದೇ ನಿಯಮ, ಇದರಲ್ಲಿ ತಾರತಮ್ಯ ಎಲ್ಲಿದೆ?’ ಎಂಬುದು ಸರ್ಕಾರದ ವಾದ. ಅಂದಿನ ಅಂತಾರಾಷ್ಟ್ರೀಯ ನ್ಯಾಯಾಲಯ 1935ರ ಏಪ್ರಿಲ್ 6ರಂದು ಆ ವಾದವನ್ನು ಒಪ್ಪಲಿಲ್ಲ. ಕಾಗದದ ಮೇಲೆ ಸಮಾನತೆ ಇದ್ದರೆ ಸಾಲದು, ಬದುಕಿನಲ್ಲಿಯೂ ಇರಬೇಕು ಎಂದಿತು. ಬಹುಸಂಖ್ಯಾತರ ಮಗುವಿಗೆ ಸರ್ಕಾರಿ ಶಾಲೆಯಲ್ಲಿ ತನ್ನ ಭಾಷೆ ಸಿಗುತ್ತದೆ, ಅಲ್ಪಸಂಖ್ಯಾತರ ಮಗುವಿಗೆ ಸಿಗುವುದಿಲ್ಲ, ಹೀಗಿರುವಾಗ ಇಬ್ಬರಿಗೂ ಒಂದೇ ನಿಯಮ ಎನ್ನುವುದು ಸಮಾನತೆಯಾಗದು.

‘ಇತಿಹಾಸದ ಗುಂಪು ಎಲ್ಲರಿಗೂ ತೆರೆದಿದೆ, ಬೇಕಾದರೆ ನಿಮ್ಮ ಮಗುವೂ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಸೇರಲಿ’ ಎಂದು ನಾಳೆ ಅಧಿಕಾರಿಯೊಬ್ಬರು ನಿಮಗೆ ಹೇಳಿದರೆ ಉತ್ತರ ಏನು? ಈ 1935ರ ತೀರ್ಪೇ ಉತ್ತರ. ಆದರೆ ಅದನ್ನು ಹೇಳಲು ಅದು ಗೊತ್ತಿರಬೇಕು, ಗೊತ್ತಾಗಲು ಓದಿರಬೇಕು. ನಮ್ಮ ಹಕ್ಕಿನ ಆಯುಧಗಳು ಯಾವ ಕೊಠಡಿಯಲ್ಲಿ ಇವೆಯೋ ಆ ಕೊಠಡಿಗೆ ನಮ್ಮ ಮಕ್ಕಳನ್ನು ಹೋಗಗೊಡದೆ ಬಾಗಿಲಲ್ಲಿ ಅಡ್ಡ ನಿಂತವರು ನಾವೇ.

ಮೂರನೆಯದು ದಕ್ಷಿಣ ಆಫ್ರಿಕಾ. ಕಪ್ಪು ಜನರ ಮಕ್ಕಳು ಗಣಿತವನ್ನೂ ಸಮಾಜ ಪಾಠಗಳನ್ನೂ ಆಳುವವರ ಭಾಷೆಯಾದ ಆಫ್ರಿಕಾನ್ಸಿನಲ್ಲೇ ಓದಬೇಕೆಂದು ಅಲ್ಲಿನ ವರ್ಣಭೇದ ಸರ್ಕಾರ 1974ರಲ್ಲಿ ಆಜ್ಞೆ ಮಾಡಿತು. 1976ರ ಜೂನ್ 16ರಂದು ಸೊವೆಟೊ ಎಂಬಲ್ಲಿ ಸಾವಿರಾರು ಮಕ್ಕಳು ಬೀದಿಗಿಳಿದರು, ಪೊಲೀಸರು ಗುಂಡು ಹಾರಿಸಿದರು. ಯಾವ ಪಾಠ ಯಾವ ಭಾಷೆಯಲ್ಲಿ ಎಂಬುದು ಸಣ್ಣ ವಿಷಯವೆಂದು ಆ ಮಕ್ಕಳಿಗೆ ಅನಿಸಿರಲಿಲ್ಲ.

ತಪ್ಪು ತಿಳಿಯಬೇಡಿ. ನಮ್ಮ ರಾಜ್ಯ ಸರ್ಕಾರವನ್ನು ಮುಸೊಲಿನಿಗೋ ವರ್ಣಭೇದದ ಆಡಳಿತಕ್ಕೋ ಹೋಲಿಸುವ ಹುಚ್ಚುತನ ನಮಗಿಲ್ಲ. ಇಲ್ಲಿ ಕನ್ನಡ ಮಾಧ್ಯಮ ಶಾಲೆಗಳು ನಡೆದಿವೆ, ಅವುಗಳಿಗೆ ಸರ್ಕಾರದ ಪುಸ್ತಕಗಳು ಬಂದಿವೆ. ತಮಿಳಿನ ಮೇಲೆ ನಮಗೆ ಹಗೆಯೂ ಇಲ್ಲ. ಈ ರಾಜ್ಯದಲ್ಲಿ ಬದುಕುವ ಮಗು ತಮಿಳನ್ನು ಚೆನ್ನಾಗಿ ಕಲಿಯಬೇಕು, ಇಲ್ಲದಿದ್ದರೆ ಈರೋಡಿನ ಕಚೇರಿಯಲ್ಲಿ ನಮ್ಮ ಅರ್ಜಿಯನ್ನು ನಾವೇ ಓದಲಾರೆವು. ಆದರೆ 1938ರಲ್ಲಿ, 1965ರಲ್ಲಿ ಹೇರಿಕೆಯ ವಿರುದ್ಧ ಎದ್ದು ನಿಂತ ನಾಡಿಗೆ, ತನ್ನ ಮನೆಯೊಳಗಿನ ಸಣ್ಣ ಭಾಷೆಯ ಸಂಕಟ ಬಿಡಿಸಿ ಹೇಳಬೇಕೇ? 2006ರ ತಮಿಳು ಕಲಿಕಾ ಕಾಯಿದೆಯ ಫಲವಾಗಿ 2016ರಿಂದ ಹತ್ತನೆಯ ತರಗತಿಯ ಪರೀಕ್ಷೆ ಬಂದಾಗಲೆಲ್ಲ ಭಾಷಾ ಅಲ್ಪಸಂಖ್ಯಾತರು ವಿನಾಯಿತಿಗಾಗಿ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. 2023ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಕೊಟ್ಟದ್ದೂ ಒಂದು ವರ್ಷದ ವಿನಾಯಿತಿ. ಹೀಗೆ ವರ್ಷ ವರ್ಷ ಉಸಿರು ಬಿಗಿಹಿಡಿದು ಓದಿದ ಮಗುವಿಗೆ ಮುಂದಿನ ಎರಡು ವರ್ಷದ ದಾರಿಯಾದರೂ ನೆಟ್ಟಗಿರಬೇಡವೇ?

ಇನ್ನು ನೀವು ಕೇಳುವ ಪ್ರಶ್ನೆಗಳು. ಒಂದೊಂದಾಗಿ ಉತ್ತರಿಸುತ್ತೇವೆ.

‘ಇತಿಹಾಸ ಓದಿದರೆ ಕೆಲಸ ಸಿಗುತ್ತದೆಯೇ?’ ಕಲೆಕ್ಟರ್ ಆಗಲು ಬರೆಯುವ ಪರೀಕ್ಷೆಯ ಪಾಠಪಟ್ಟಿಯನ್ನು ತರಿಸಿ ನೋಡಿ. 2013ರಿಂದ ಅದರ ಮುಖ್ಯ ಪರೀಕ್ಷೆಯ ಸಾಮಾನ್ಯ ಅಧ್ಯಯನ ಪತ್ರಿಕೆಯಲ್ಲಿ ಹದಿನೆಂಟನೆಯ ಶತಮಾನದಿಂದೀಚಿನ ಜಗತ್ತಿನ ಇತಿಹಾಸ ಸೇರಿದೆ. ಕೈಗಾರಿಕಾ ಕ್ರಾಂತಿ, ಮಹಾಯುದ್ಧಗಳು, ವಸಾಹತುಶಾಹಿ ಎಲ್ಲವೂ ಅದರಲ್ಲಿವೆ. ದೇಶಗಳ ಗಡಿಗಳು ಬದಲಾದ ಕಥೆಯೂ ಅಲ್ಲಿ ಹೆಸರು ಹಿಡಿದು ಸೇರಿದೆ. ಆ ಉತ್ತರಗಳನ್ನು ಕನ್ನಡದಲ್ಲಿ ಬರೆಯಬಹುದು. ವಿಜ್ಞಾನ ಓದಿ ಬಂದವರೂ ಆ ಪರೀಕ್ಷೆಗಾಗಿ ದೊಡ್ಡ ಊರುಗಳಲ್ಲಿ ಹಣ ಕೊಟ್ಟು ಹೇಳಿಸಿಕೊಳ್ಳುವ ಪಾಠವೇ ನೀವು ಕಸ ಎಂದು ಬದಿಗೆ ತಳ್ಳಿದ ಪಾಠ. ವಕೀಲಿಕೆಯ ಐದು ವರ್ಷದ ಕೋರ್ಸಿಗೂ ಇತಿಹಾಸದ ಗುಂಪು ಅಡ್ಡಿಯಿಲ್ಲ. ಶಿಕ್ಷಕ ವೃತ್ತಿಯಂತೂ ಇದ್ದೇ ಇದೆ. ಹತ್ತು ವರ್ಷದ ನಂತರ ನಮ್ಮ ಹೈಸ್ಕೂಲುಗಳಲ್ಲಿ ಕನ್ನಡದಲ್ಲಿ ಸಮಾಜ ಪಾಠ ಮಾಡುವವರು ಎಲ್ಲಿಂದ ಬರಬೇಕು? ಇಂದು ನಮ್ಮ ಮಕ್ಕಳು ಆ ದಾರಿ ಹಿಡಿಯದಿದ್ದರೆ ನಾಳೆ ಖಾಲಿ ಕುರ್ಚಿ ತೋರಿಸಿ ‘ಶಿಕ್ಷಕರು ಸಿಗಲಿಲ್ಲ, ಮಾಧ್ಯಮ ಮುಚ್ಚುತ್ತೇವೆ’ ಎನ್ನಲು ಅಧಿಕಾರಿಗಳಿಗೆ ಬಹಳ ಸುಲಭ.

‘ಅಂಥ ದೊಡ್ಡ ವಿಷಯ ಕನ್ನಡದಲ್ಲಿ ಬರುತ್ತದೆಯೇ?’ ಈ ಪ್ರಶ್ನೆ ಕನ್ನಡಿಗರೇ ಕೇಳುವುದು ನಾಚಿಕೆಯ ಸಂಗತಿ. ಶಿವರಾಮ ಕಾರಂತರು 1930ರ ದಶಕದಲ್ಲೇ ಮಕ್ಕಳಿಗಾಗಿ ಮೂರು ಸಂಪುಟಗಳಲ್ಲಿ ‘ಬಾಲಪ್ರಪಂಚ’ ಬರೆದು ಜಗತ್ತನ್ನೇ ಕನ್ನಡಕ್ಕೆ ತಂದರು. ಮೈಸೂರು ವಿಶ್ವವಿದ್ಯಾನಿಲಯ 1969ರಿಂದ ಕನ್ನಡ ವಿಶ್ವಕೋಶವನ್ನು ಹೊರತಂದಿತು. ಪಿಯುಸಿಯ ಮಾತು ಆಗಲೇ ಹೇಳಿದ್ದೇವೆ. ಕನ್ನಡಕ್ಕೆ ಶಕ್ತಿಯ ಕೊರತೆ ಇಲ್ಲ. ಕೊರತೆ ಇರುವುದು ನಮ್ಮ ಕೇಳುವ ಧೈರ್ಯದಲ್ಲಿ.

‘ಬೆಟ್ಟದ ಮಕ್ಕಳಿಗೆ ಜಗತ್ತಿನ ಸುದ್ದಿ ಏಕೆ?’ ನೀವು ಉಣ್ಣುವ ರಾಗಿ ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದದ್ದು. ಹೊಲದ ಆಲೂಗೆಡ್ಡೆ, ಮುಸುಕಿನ ಜೋಳ, ಸಾರಿನ ಮೆಣಸಿನಕಾಯಿ ಎಲ್ಲ ಅಮೆರಿಕ ಖಂಡದವು. ಕಾಡನ್ನು ನುಂಗಿ ಸೋಲಿಗರ, ಊರಾಳಿಗಳ ಬಾಳನ್ನು ಕಷ್ಟಕ್ಕೆ ಸಿಕ್ಕಿಸಿದ ಲಂಟಾನ ಗಿಡವೂ ಅಲ್ಲಿಂದ ಬಂದದ್ದೇ. ಜಗತ್ತು ದಿಂಬಂ ಘಾಟಿಯ 27 ತಿರುವು ಹತ್ತಿ ನಮ್ಮ ಹೊಲಕ್ಕೆ ಬಂದು ಎಷ್ಟೋ ಕಾಲವಾಯಿತು. ಅದು ಹೇಗೆ ಬಂತು ಎಂದು ತಿಳಿಯುವ ಹಕ್ಕು ಹೊಲದವರ ಮಕ್ಕಳಿಗಿಲ್ಲವೇ?

‘ಹಾಗಾದರೆ ಮಗುವನ್ನು ಚಾಮರಾಜನಗರಕ್ಕೇ ಕಳಿಸಿಬಿಡೋಣ.’ ಅನುಕೂಲ ಇದ್ದವರು ಕಳಿಸಿ, ಬೇಡವೆನ್ನುವುದಿಲ್ಲ. ಆದರೆ ದಿನದ ಬಸ್ ಚಾರ್ಜು ಕೊಡಲಾರದ ಮನೆಯ ಹೆಣ್ಣುಮಗು ಏನು ಮಾಡಬೇಕು? ತಮಿಳುನಾಡಿಗೆ ತೆರಿಗೆ ಕಟ್ಟುತ್ತೇವೆ, ಇಲ್ಲಿಯೇ ಓಟು ಹಾಕುತ್ತೇವೆ. ನಮ್ಮ ಪಾಲಿನ ಶಾಲೆಯನ್ನು ನೆರೆಮನೆಯಲ್ಲಿ ಹುಡುಕಿಕೊಳ್ಳಿ ಎನ್ನುವುದು ನ್ಯಾಯವಲ್ಲ.

ಸರಿ, ಮಾಡಬೇಕಾದ್ದೇನು? ಕೂಗಾಡುವುದರಿಂದ ಆಗದು. ಲೆಕ್ಕ ಹಿಡಿದು ಕೇಳಬೇಕು.

1. ನಿಮ್ಮ ಮಗು ಹತ್ತನೆಯ ತರಗತಿಯಲ್ಲಿ ಇರುವಾಗಲೇ ಮುಖ್ಯೋಪಾಧ್ಯಾಯರನ್ನು ಮೂರು ಮಾತು ಕೇಳಿ. ಮುಂದಿನ ವರ್ಷ ಇತಿಹಾಸದ ಗುಂಪು ಇದೆಯೇ? ಅದನ್ನು ಕನ್ನಡದಲ್ಲಿ ಕಲಿಸುವ ಶಿಕ್ಷಕರ ಹುದ್ದೆ ಇದೆಯೇ, ಅದು ಭರ್ತಿಯಾಗಿದೆಯೇ? ಕನ್ನಡದಲ್ಲಿ ಪುಸ್ತಕ ಮತ್ತು ಪ್ರಶ್ನೆಪತ್ರಿಕೆ ದೊರೆಯುತ್ತವೆಯೇ? ಮೂರಕ್ಕೂ ‘ಹೌದು’ ಎಂಬ ಉತ್ತರ ಬಾರದಿದ್ದರೆ ಕನ್ನಡ ಮಾಧ್ಯಮ ಬರಿಯ ಫಲಕದ ಮೇಲೆ ಮಾತ್ರ ಇದೆ ಎಂದು ತಿಳಿಯಿರಿ.

2. ಬಾಯಿಮಾತಿನ ಉತ್ತರ ನಂಬಬೇಡಿ. ಮಾಹಿತಿ ಹಕ್ಕು ಕಾಯಿದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. 30 ದಿನದೊಳಗೆ ಬರಹದಲ್ಲಿ ಉತ್ತರ ಬರಬೇಕು.

3. ತಲೆ ಎಣಿಸಿ. 1949ರ ಶಿಕ್ಷಣ ಸಚಿವರ ಸಮ್ಮೇಳನ ಪ್ರಾಥಮಿಕ ಹಂತಕ್ಕೆ ಇಟ್ಟ ಲೆಕ್ಕ ಶಾಲೆಗೆ 40 ಮಕ್ಕಳು ಅಥವಾ ತರಗತಿಗೆ 10. ಪ್ರೌಢ ಹಂತಕ್ಕೆ ತರಗತಿಗೆ 15, ಕೊನೆಯ ನಾಲ್ಕು ತರಗತಿಗಳಿಗೆ ಒಟ್ಟು 60 ಎಂಬ ಲೆಕ್ಕ ಭಾಷಾ ಅಲ್ಪಸಂಖ್ಯಾತರ ಆಯುಕ್ತರ ವರದಿಗಳಲ್ಲಿ ಮತ್ತೆ ಮತ್ತೆ ಬಂದಿದೆ. ಊರೂರಿನ ಪೋಷಕರು ಕೂಡಿ ‘ನಮ್ಮ ಮಗು ಇತಿಹಾಸವನ್ನು ಕನ್ನಡದಲ್ಲಿ ಓದಲು ಬಯಸುತ್ತದೆ’ ಎಂದು ಸಹಿ ಮಾಡಿದ ಪಟ್ಟಿಯನ್ನು ಶಾಲೆ ತೆರೆಯುವ ಮುನ್ನವೇ ಕೊಟ್ಟರೆ ‘ಬೇಡಿಕೆ ಇಲ್ಲ’ ಎಂಬ ಸಬೂಬಿಗೆ ಜಾಗವಿರುವುದಿಲ್ಲ.

4. ಆ ಪಟ್ಟಿಯ ಒಂದೊಂದು ಪ್ರತಿ ಈರೋಡಿನ ಮುಖ್ಯ ಶಿಕ್ಷಣಾಧಿಕಾರಿಗಳಿಗೆ ಹೋಗಲಿ, ಸೋಮವಾರದ ಕುಂದುಕೊರತೆ ದಿನದಲ್ಲಿ ಜಿಲ್ಲಾಧಿಕಾರಿಗಳ ಕೈಗೂ ಸೇರಲಿ. ಇನ್ನೊಂದನ್ನು ಸಂವಿಧಾನದ 350ಬಿ ವಿಧಿಯ ಪ್ರಕಾರ ನೇಮಕವಾಗುವ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ಕಳಿಸಿ. ಅವರ ವರದಿ ಸಂಸತ್ತಿನ ಮುಂದೆ ಬರುತ್ತದೆ. ನಮ್ಮ ದೂರು ಅವರ ಕಡತದಲ್ಲಿ ಇಲ್ಲದಿದ್ದರೆ ದೆಹಲಿಯ ಲೆಕ್ಕದಲ್ಲಿ ತಾಳವಾಡಿಯ ಕನ್ನಡಿಗರಿಗೆ ಯಾವ ತೊಂದರೆಯೂ ಇಲ್ಲ!

5. ಶಾಲಾ ನಿರ್ವಹಣಾ ಸಮಿತಿಯ ಸಭೆಗೆ ತಪ್ಪದೆ ಹೋಗಿ. ಬೇಡಿಕೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಬರೆದದ್ದನ್ನು ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ.

ಇವೆಲ್ಲಕ್ಕಿಂತ ಕಷ್ಟದ ಕೆಲಸ ಮನೆಯೊಳಗಿನದು. ಚೆನ್ನಾಗಿ ಓದುವ ಮಗು ತಾನಾಗಿಯೇ ಇತಿಹಾಸ ಬೇಕೆಂದರೆ ಹೂಂ ಎನ್ನುವ ಎದೆಗಾರಿಕೆ ನಮಗಿರಬೇಕು. ಸೋತವರು ಮಾತ್ರ ಸೇರುವ ಗುಂಪನ್ನು ಉಳಿಸಿಕೊಡಿ ಎಂದು ಯಾವ ಸರ್ಕಾರವನ್ನೂ ಗಟ್ಟಿಯಾಗಿ ಕೇಳಲಾಗದು. ಗೆಲ್ಲಬಲ್ಲವರು ಬಯಸಿ ಸೇರಿದ ಗುಂಪನ್ನು ಮುಚ್ಚುವುದು ಯಾವ ಸರ್ಕಾರಕ್ಕೂ ಸುಲಭವಲ್ಲ.

ಟಿರೋಲಿನ ಬೆಟ್ಟದವರು ತಮ್ಮ ಮಕ್ಕಳ ಭಾಷೆಗಾಗಿ ಸೆರೆಮನೆಗೆ ಹೆದರಲಿಲ್ಲ. ನಿಮ್ಮನ್ನು ಕೇಳುತ್ತಿರುವುದು ಒಂದು ಸಹಿ, ಒಂದು ಅರ್ಜಿ, ಫಲಿತಾಂಶದ ದಿನ ಮಗುವಿನ ಮಾತಿಗೆ ಸ್ವಲ್ಪ ತಾಳ್ಮೆ. ಮುಂದಿನ ಪ್ರವೇಶದ ಅರ್ಜಿ ನಿಮ್ಮ ಕೈಗೆ ಬರುವ ಮೊದಲೇ ಪಟ್ಟಿ ಸಿದ್ಧವಾಗಲಿ. ಮೊದಲ ಹೆಸರು ನಿಮ್ಮ ಮನೆಯದಾಗಲಿ.